ಪರೀಕ್ಷಿತನ ಎರಡು ಸಾವುಗಳು

ಹೊರನಾಡಿನ ನಮ್ಮ ಸಂಘಗಳಲ್ಲಿ ಜರಗುವ ಶ್ರದ್ಧಾಂಜಲಿ ಸಭೆಗಳಿಗೆ ಒಂದು ನಿಶ್ಚಿತ ಕ್ರಮವುಂಟು. ಅಧ್ಯಕ್ಷರು ಮೃತರ ಗುಣಗಾನ ಮಾಡುತ್ತಾರೆ, ಹಿರಿಯರೊಬ್ಬರು ಎದ್ದು ಗೀತೆಯ ಎರಡನೆಯ ಅಧ್ಯಾಯವನ್ನು ನೆನೆದು ಆತ್ಮದ ಅಮರತ್ವವನ್ನು ವಿವರಿಸುತ್ತಾರೆ, ಎರಡು ನಿಮಿಷದ ಮೌನ, ಅನಂತರ ಕಾಫಿ. ಮೂವತ್ತು ವರ್ಷಗಳಿಂದ ಇಂಥ ಸಭೆಗಳಲ್ಲಿ ಕುಳಿತು ಎದ್ದಿರುವ ನನ್ನನ್ನು ಈಚೆಗೆ ಒಂದು ಪ್ರಶ್ನೆ ಬಾಧಿಸತೊಡಗಿದೆ. ಈ ಮಾತಿನ ಅಗತ್ಯ ಯಾರಿಗಿತ್ತೋ ಆ ವ್ಯಕ್ತಿ ಬದುಕಿದ್ದಾಗ, ಆಸ್ಪತ್ರೆಯ ಮಂಚದ ಮೇಲೆ ಕಣ್ಣು ತೆರೆದುಕೊಂಡು ಮಲಗಿದ್ದಾಗ, ನಮ್ಮಲ್ಲಿ ಒಬ್ಬರಾದರೂ ಅವರೊಡನೆ ಸಾವಿನ ವಿಷಯವಾಗಿ ಮಾತನಾಡಿದ್ದೆವೆ?

ಗೀತೆಯೊಡನೆ ನನಗೆ ಜಗಳವಿಲ್ಲ. ಜಗಳವಿರುವುದು ನಾವು ಅದನ್ನು ಉದ್ಧರಿಸುವ ಹೊತ್ತಿನೊಡನೆ. ಕೃಷ್ಣನು ಅರ್ಜುನನಿಗೆ ಉಪದೇಶಿಸಿದ್ದು ಯುದ್ಧಕ್ಕೆ ಮುನ್ನ, ವೈಕುಂಠ ಸಮಾರಾಧನೆಯ ಪಂಕ್ತಿಯಲ್ಲಿ ಅಲ್ಲ. ಸಾವನ್ನು ಕುರಿತು ಇಷ್ಟೊಂದು ತತ್ತ್ವವನ್ನು ಬಾಯಿಪಾಠ ಮಾಡಿರುವ ಜನ, ಸಾಯುತ್ತಿರುವವರ ಎದುರಿಗೆ ಇಷ್ಟೊಂದು ಸುಳ್ಳನ್ನು ಹೇಳುವ ಜನವೂ ಆಗಿರುವುದು ಹೇಗೆ? ಮನುಷ್ಯನಿಗೆ ಅಜ್ಞಾತದ ಭಯ ಸಹಜವಾದುದು, ಆದ್ದರಿಂದ ರೋಗಿಯ ಮನಸ್ಸನ್ನು ಕಲಕಬಾರದು ಎಂಬುದು ನಮ್ಮ ಸಮಜಾಯಿಷಿ. ಈ ಸಮಜಾಯಿಷಿ ತಲೆಕೆಳಗಾದುದು ಎಂಬುದೇ ನನ್ನ ವಾದ. ಸಾಯುವವನನ್ನು ಹೆದರಿಸುವ ಅಜ್ಞಾತದಲ್ಲಿ ಬಹುಪಾಲು ಪರಲೋಕಕ್ಕೆ ಸೇರಿದ್ದಲ್ಲ. ಅದನ್ನು ಅವನ ಮಂಚದ ಸುತ್ತ ಕಟ್ಟಿದವರು ನಾವು.

ಪರೀಕ್ಷಿತ ಮಹಾರಾಜನ ಕತೆ ನಮಗೆಲ್ಲ ಗೊತ್ತು. ಏಳನೆಯ ದಿನ ತಕ್ಷಕನಿಂದ ಮರಣ ಎಂದು ಶೃಂಗಿಯ ಶಾಪ. ಆದರೆ ಈ ಕತೆಗೆ ಎರಡು ರೂಪಗಳಿರುವುದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಮಹಾಭಾರತದ ಆದಿಪರ್ವದಲ್ಲಿ, ಶಾಪ ಕೊಟ್ಟವನ ತಂದೆಯಾದ ಶಮೀಕನೇ ಸುದ್ದಿಯನ್ನು ಅರಸನಿಗೆ ಮುಟ್ಟಿಸುತ್ತಾನೆ. ಅರಸನು ಒಂದೇ ಕಂಬದ ಮೇಲೆ ನಿಲ್ಲುವ ಸೌಧವನ್ನು ಕಟ್ಟಿಸಿ, ವೈದ್ಯರನ್ನೂ ಔಷಧಗಳನ್ನೂ ಮಂತ್ರಸಿದ್ಧರನ್ನೂ ಸುತ್ತ ಇರಿಸಿಕೊಂಡು, ಕಾವಲಿನ ನಡುವೆ ಕೂರುತ್ತಾನೆ. ಏಳನೆಯ ದಿನ ತಕ್ಷಕನು ಹಣ್ಣಿನೊಳಗಿನ ಹುಳುವಾಗಿ ಒಳಗೆ ಬಂದೇ ಬರುತ್ತಾನೆ. ಭಾಗವತದಲ್ಲಾದರೋ ಅದೇ ಅರಸನು ರಾಜ್ಯವನ್ನು ಮಗನಿಗೆ ಒಪ್ಪಿಸಿ ಗಂಗಾತೀರದಲ್ಲಿ ಕುಳಿತು, ಸಾಯಲಿರುವವನು ಮಾಡಬೇಕಾದುದೇನು ಎಂದು ನೆರೆದವರನ್ನು ಕೇಳುತ್ತಾನೆ. ಆ ಪ್ರಶ್ನೆಗೆ ಶುಕಮುನಿ ಕೊಟ್ಟ ಉತ್ತರವೇ ಭಾಗವತ. ಎರಡರಲ್ಲಿಯೂ ಸಾವು ಒಂದೇ, ಗಡುವು ಒಂದೇ, ತಕ್ಷಕನೂ ಅವನೇ. ವ್ಯತ್ಯಾಸವಿರುವುದು ನಡುವಿನ ದಿನಗಳಲ್ಲಿ.

ಇಂದಿನ ತೀವ್ರನಿಗಾ ಘಟಕವು ಆ ಒಂಟಿಕಂಬದ ಸೌಧದ ಹೊಸ ಆವೃತ್ತಿಯೆಂದು ಹೇಳಿದರೆ ವೈದ್ಯ ಮಿತ್ರರು ಮುನಿಯಬಾರದು. ಗುಣವಾಗುವವರಿಗೆ ಅದು ಸಂಜೀವಿನಿ. ಅದರಿಂದ ಮರಳಿ ಬಂದು ಬಾಳುತ್ತಿರುವವರು ನಮ್ಮ ನಡುವೆಯೇ ಇದ್ದಾರೆ. ನಾನು ಹೇಳುತ್ತಿರುವುದು ಗುಣವಾಗುವ ಸಂಭವವಿಲ್ಲವೆಂದು ವೈದ್ಯರೇ ನಿರ್ಣಯಿಸಿದ ಮೇಲೂ ಮುಂದುವರಿಯುವ ಕಾವಲಿನ ವಿಷಯ. ಆದಿಪರ್ವದ ಅರಸನಿಗಾದರೂ ಸುದ್ದಿಯನ್ನು ತಿಳಿಸಿದ್ದರು. ನಾವು ಅದನ್ನೂ ಮಾಡುವುದಿಲ್ಲ. ಪರೀಕ್ಷಿತನು ನಮ್ಮ ಕುಟುಂಬದವನಾಗಿದ್ದರೆ ಶಮೀಕನ ಶಿಷ್ಯನನ್ನು ಬಾಗಿಲಲ್ಲಿಯೇ ತಡೆದು, “ಅವರಿಗೆ ಹೇಳಬೇಡಿ, ತಡೆದುಕೊಳ್ಳಲಾರರು” ಎಂದು ಕೈಮುಗಿದು ಕಳುಹಿಸುತ್ತಿದ್ದೆವು. ಭಾಗವತ ಹುಟ್ಟುತ್ತಲೇ ಇರಲಿಲ್ಲ.

ಇದನ್ನು ಅನ್ಯರ ಮೇಲಣ ಆರೋಪವಾಗಿ ಬರೆಯುತ್ತಿಲ್ಲ. ನಾನೇ ಮೊದಲ ಆರೋಪಿ. ಶಾಲಾ ಮಾಸ್ತರರಾಗಿ ನಿವೃತ್ತರಾಗಿದ್ದ ನನ್ನ ತಂದೆಯವರನ್ನು ಚಿಕಿತ್ಸೆಗಾಗಿ ಮುಂಬಯಿಗೆ ಕರೆತಂದಾಗ, ಕ್ಯಾನ್ಸರ್ ಯಕೃತ್ತಿಗೆ ಹಬ್ಬಿದೆಯೆಂದು ವೈದ್ಯರು ನನ್ನನ್ನು ಬೇರೆ ಕರೆದು ತಿಳಿಸಿದರು. ಕೋಣೆಗೆ ಮರಳಿದಾಗ ತಂದೆಯವರು, “ಏನಂದ್ರು ಡಾಕ್ಟ್ರು?” ಎಂದರು. “ಹುಣ್ಣು ಅಷ್ಟೆ, ಹದಿನೈದು ದಿನದಲ್ಲಿ ಊರಿಗೆ ಹೋಗಬಹುದು” ಎಂದೆ. ಅವರು ಮತ್ತೆ ಕೇಳಲಿಲ್ಲ. ಐದು ವಾರಗಳ ಬಳಿಕ ತೀರಿಕೊಂಡರು. ಅವರಿಗೆ ಎಲ್ಲವೂ ಮೊದಲೇ ತಿಳಿದಿತ್ತೆಂದು ತಾಯಿಯವರು ಹೇಳಿದ್ದು ವರ್ಷಾಂತಿಕದ ದಿನ. “ಅವನಿಗೆ ಗೊತ್ತಿದೆ ಅಂತ ತೋರಿಸಿಕೋಬೇಡ, ಪರ ಊರಲ್ಲಿ ಒಬ್ಬನೇ ಇದ್ದಾನೆ, ಗಾಬರಿಯಾಗ್ತಾನೆ” ಎಂದಿದ್ದರಂತೆ. ಐದು ವಾರ ನಾವಿಬ್ಬರೂ ಒಂದೇ ಕೋಣೆಯಲ್ಲಿ ಕುಳಿತು, ಒಂದೇ ಸತ್ಯವನ್ನು ಪರಸ್ಪರರಿಂದ ಬಚ್ಚಿಟ್ಟುಕೊಂಡು, ಮಳೆಯ ಮಾತನ್ನೂ ಕ್ರಿಕೆಟಿನ ಮಾತನ್ನೂ ಆಡಿದೆವು. ಇದನ್ನು ವಾತ್ಸಲ್ಯವೆಂದು ಕರೆಯಲು ನನಗೆ ಇಂದು ಸಾಧ್ಯವಾಗುತ್ತಿಲ್ಲ. ಅವರ ಪಾಲಿನದು ವಾತ್ಸಲ್ಯವಿದ್ದೀತು; ನನ್ನ ಪಾಲಿನದು ಹೇಡಿತನ.

ಹಾಗಾದರೆ ಅಜ್ಞಾತವೆಂದರೆ ಯಾವುದು? ಗ್ರೀಕ್ ದೇಶದ ಇಬ್ಬರು ಈ ಪ್ರಶ್ನೆಯನ್ನು ಬಿಡಿಸಲು ಯತ್ನಿಸಿದರು. ಸಾವಿಗೆ ಅಂಜುವುದೆಂದರೆ ತಿಳಿಯದುದನ್ನು ತಿಳಿದಿರುವೆನೆಂದು ಬಗೆಯುವ ಒಂದು ಬಗೆಯ ಅಜ್ಞಾನವೆಂದು ಸಾಕ್ರೆಟೀಸನು ಕ್ರಿ.ಪೂ. 399ರಲ್ಲಿ ತನ್ನ ನ್ಯಾಯಾಧೀಶರ ಮುಂದೆ ವಾದಿಸಿದನೆಂದು ಪ್ಲೇಟೋ ಬರೆದಿದ್ದಾನೆ. ನಾವಿರುವ ತನಕ ಸಾವಿಲ್ಲ, ಸಾವು ಬಂದಾಗ ನಾವಿರುವುದಿಲ್ಲ, ಆದ್ದರಿಂದ ಅದು ನಮಗೆ ಸಂಬಂಧಿಸಿದ್ದೇ ಅಲ್ಲವೆಂಬುದು ಎಪಿಕ್ಯೂರಸನ ತರ್ಕ. ಇಬ್ಬರ ವಾದವೂ ಗಟ್ಟಿಯಾದುದೇ. ಆದರೆ ಅದು ಉತ್ತರಿಸುವುದು ಸಾವಿನ ಪ್ರಶ್ನೆಗೆ, ಸಾಯುವುದರ ಪ್ರಶ್ನೆಗಲ್ಲ. ಬೆಳಗಿನ ಜಾವ ಮೂರು ಗಂಟೆಗೆ ವಾರ್ಡಿನಲ್ಲಿ ಎಚ್ಚರವಾಗಿರುವ ರೋಗಿಯ ಪ್ರಶ್ನೆಗಳೇ ಬೇರೆ. ನೋವು ಇನ್ನೂ ಹೆಚ್ಚುವುದೇ? ಉಸಿರು ಕಟ್ಟಿದಾಗ ಪಕ್ಕದಲ್ಲಿ ಯಾರಿರುತ್ತಾರೆ? ನನ್ನ ಹೆಂಡತಿ ಮುಂದೆ ಯಾರ ಮನೆಯಲ್ಲಿ? ಈ ಬಿಲ್ಲಿಗೆ ಮಗನು ಸಾಲ ಮಾಡಿದ್ದಾನೆಯೇ? ನನ್ನನ್ನು ಊರಿಗೆ ಒಯ್ಯುತ್ತಾರೆಯೇ? ಇವುಗಳಲ್ಲಿ ಒಂದಾದರೂ ಪರಲೋಕದ ಪ್ರಶ್ನೆಯಲ್ಲ. ಪ್ರತಿಯೊಂದಕ್ಕೂ ಉತ್ತರ ಬಲ್ಲವರು ಕೋಣೆಯ ಹೊರಗೆ ಬೆಂಚಿನ ಮೇಲೆ ಕುಳಿತಿರುತ್ತಾರೆ.

ಹೊರನಾಡಿಗರಾದ ನಮ್ಮಲ್ಲಿ ಈ ಅಜ್ಞಾತ ಇಮ್ಮಡಿಯಾಗುತ್ತದೆ. ಊರಿನಲ್ಲಿ ಬಾಳಿದ ತಾಯಿತಂದೆಯರು ಕೊನೆಗಾಲದಲ್ಲಿ ಮಕ್ಕಳ ಫ್ಲ್ಯಾಟಿಗೆ ಬರುತ್ತಾರೆ. ವಾರ್ಡಿನಲ್ಲಿ ವೈದ್ಯರು ಇಂಗ್ಲಿಷಿನಲ್ಲಿ, ದಾದಿಯರು ಹಿಂದಿ ಅಥವಾ ಮರಾಠಿಯಲ್ಲಿ, ಅಥವಾ ತೆಲುಗು, ತಮಿಳಿನಲ್ಲಿ ಮಾತನಾಡುತ್ತಾರೆ. ಬಾಯಾರಿಕೆಯನ್ನೂ ಭಯವನ್ನೂ ಕನ್ನಡದಲ್ಲಷ್ಟೇ ಹೇಳಬಲ್ಲ ಮುದುಕಿಗೆ ಮಗನೊಬ್ಬನೇ ದುಭಾಷಿ. ಆ ದುಭಾಷಿಯೇ ಸುಳ್ಳು ಹೇಳತೊಡಗಿದರೆ ಅವಳ ಪಾಲಿಗೆ ಜಗತ್ತೇ ಮುಚ್ಚಿಹೋಗುತ್ತದೆ. ಇನ್ನು ತಾಯಿತಂದೆಯರು ಊರಿನಲ್ಲಿಯೇ ಉಳಿದಿದ್ದರೆ ನಿರ್ಧಾರವೆಲ್ಲ ಟೆಲಿಫೋನಿನಲ್ಲಿ. ದೂರದಲ್ಲಿರುವ ಮಗನೇ “ಏನು ಬೇಕಾದರೂ ಮಾಡಿ, ಹಣದ ಚಿಂತೆ ಬೇಡ” ಎಂದು ಹೆಚ್ಚು ಗಟ್ಟಿಯಾಗಿ ಹೇಳುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ವರ್ಷಗಟ್ಟಲೆ ಹತ್ತಿರವಿರದ ತಪ್ಪನ್ನು ವೆಂಟಿಲೇಟರಿನಿಂದ ತೀರಿಸಿಕೊಳ್ಳಲು ನೋಡುತ್ತೇವೆ. ಬೆಲೆ ತೆರುವ ದೇಹ ಮಾತ್ರ ಇನ್ನೊಬ್ಬರದು.

ಕನ್ನಡ ನಾಡಿಗೆ ಈ ಹೆದರಿಕೆ ಪರಂಪರೆಯಿಂದ ಬಂದುದಲ್ಲ. ಶರಣರು ಮರಣವನ್ನು ಹಬ್ಬಕ್ಕೆ ಸಮನಾಗಿ ಎಣಿಸಿದವರು. “ಶರಣರ ಗುಣ ಮರಣದಲ್ಲಿ ಕಾಣು” ಎಂಬುದು ಇಂದಿಗೂ ನಮ್ಮ ಗಾದೆ. ಶ್ರವಣಬೆಳಗೊಳದ ಚಂದ್ರಗಿರಿಯ ಬಂಡೆಗಳ ಮೇಲೆ, ಬಿ. ಎಲ್. ರೈಸ್ ಅವರು 1889ರಲ್ಲಿ ಪ್ರಕಟಿಸಿದ ಶಾಸನಗಳಲ್ಲಿ, ಅನೇಕವು ಸಾವಿನ ದಾಖಲೆಗಳೇ. ಗಂಗ ದೊರೆ ಮಾರಸಿಂಹನು ಪಟ್ಟವನ್ನು ತ್ಯಜಿಸಿ ಬಂಕಾಪುರದಲ್ಲಿ ಗುರು ಅಜಿತಸೇನರ ಸನ್ನಿಧಿಯಲ್ಲಿ ಸಲ್ಲೇಖನದಿಂದ ಮುಡಿಪಿದನು. ರಾಷ್ಟ್ರಕೂಟ ಕುಲದ ನಾಲ್ವಡಿ ಇಂದ್ರನು 982ರಲ್ಲಿ ಬೆಳಗೊಳದಲ್ಲಿಯೇ ಅದೇ ಹಾದಿ ಹಿಡಿದನು. ಈ ವ್ರತವನ್ನು ರಾಜಸ್ಥಾನ ಹೈಕೋರ್ಟು 2015ರ ಆಗಸ್ಟ್ 10ರಂದು ಅಪರಾಧವೆಂದು ಸಾರಿದಾಗ, ಅದೇ ತಿಂಗಳ 31ರಂದು ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆಯಾಜ್ಞೆ ನೀಡಿತು. ಎಲ್ಲರೂ ಸಲ್ಲೇಖನ ಕೈಗೊಳ್ಳಬೇಕೆಂದು ನಾನು ಹೇಳುತ್ತಿಲ್ಲ. ಅದು ಅತಿವಿರಳರ ಹಾದಿ. ಆದರೆ ಆ ಸಾವುಗಳಲ್ಲಿ ಬಚ್ಚಿಟ್ಟದ್ದು ಯಾವುದೂ ಇರಲಿಲ್ಲವೆಂಬುದನ್ನು ಗಮನಿಸಬೇಕು. ಸಾಯುವವನಿಗೆ ಗೊತ್ತಿತ್ತು, ಸುತ್ತಲಿನವರಿಗೆ ಗೊತ್ತಿತ್ತು, ಒಬ್ಬರಿಗೆ ಗೊತ್ತಿರುವುದು ಇನ್ನೊಬ್ಬರಿಗೂ ಗೊತ್ತಿತ್ತು.

ಈಗ ಕಾನೂನಿನ ಮಾತು. 1973ರ ನವೆಂಬರ್ 27ರಂದು ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಪೈಶಾಚಿಕ ಹಲ್ಲೆಗೆ ಗುರಿಯಾದ ದಾದಿ ಅರುಣಾ ಶಾನಭಾಗ ಉತ್ತರ ಕನ್ನಡದ ಹಳದೀಪುರದಿಂದ ಬಂದವರು. ನಮ್ಮ ಹಾಗೆಯೇ ಅನ್ನ ಅರಸಿ ಬಂದ ಹೊರನಾಡಿಗರು. 2015ರ ಮೇ 18ರಂದು ಕೊನೆಯುಸಿರೆಳೆಯುವ ತನಕ, ನಲವತ್ತೊಂದು ವರ್ಷಗಳಿಗೂ ಹೆಚ್ಚು ಕಾಲ, ಅವರು ಅರಿವಿಲ್ಲದ ಸ್ಥಿತಿಯಲ್ಲಿದ್ದರು. ಅವರ ಪರವಾಗಿ ಪಿಂಕಿ ವಿರಾನಿ ಸಲ್ಲಿಸಿದ ಅರ್ಜಿಯನ್ನು 2011ರ ಮಾರ್ಚ್ 7ರಂದು ತಿರಸ್ಕರಿಸುತ್ತಲೇ ಸುಪ್ರೀಂ ಕೋರ್ಟು ಪರೋಕ್ಷ ದಯಾಮರಣಕ್ಕೆ ಮೊದಲ ಬಾರಿಗೆ ದಾರಿ ತೆರೆಯಿತು. ಅರ್ಜಿದಾರರು ಕಂಡದ್ದು ಯಾತನೆಯನ್ನು. ಅರುಣಾರನ್ನು ತಮ್ಮವಳೆಂದು ದಶಕಗಳ ಕಾಲ ಸಲಹಿದ ಅಲ್ಲಿನ ದಾದಿಯರು ಕಂಡದ್ದು ಬದುಕನ್ನು. ಇಬ್ಬರಲ್ಲಿಯೂ ಕರುಣೆಯಿತ್ತು. ಇಲ್ಲದಿದ್ದುದು ಒಂದೇ: ಅರುಣಾರ ಸ್ವಂತ ಮಾತು.

ಆ ಮಾತಿಗೆ ಈಗ ಬೆಲೆಯಿದೆ. 2018ರ ಮಾರ್ಚ್ 9ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು, ಘನತೆಯಿಂದ ಸಾಯುವುದು ಬದುಕುವ ಹಕ್ಕಿನ ಅಂಗವೆಂದು ಸಾರಿ, ಮುಂಗಡ ವೈದ್ಯಕೀಯ ಇಚ್ಛಾಪತ್ರಕ್ಕೆ ಮಾನ್ಯತೆ ನೀಡಿತು. ಮ್ಯಾಜಿಸ್ಟ್ರೇಟರ ಸಹಿ ಬೇಕೆಂಬ ತೊಡಕನ್ನು 2023ರ ಜನವರಿ 24ರಂದು ತೆಗೆದುಹಾಕಲಾಯಿತು. ಇಬ್ಬರು ಸಾಕ್ಷಿಗಳು, ನೋಟರಿಯವರ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ, ಇಷ್ಟು ಸಾಕು. ಕರ್ನಾಟಕ ಸರ್ಕಾರವೂ 2025ರ ಜನವರಿಯಲ್ಲಿ ಇದರ ಜಾರಿಗಾಗಿ ಆದೇಶ ಹೊರಡಿಸಿತು.

ನಾನೊಬ್ಬ ಗೆಜೆಟೆಡ್ ಅಧಿಕಾರಿ. ಅಂಕಪಟ್ಟಿ, ಜಾತಿ ಪ್ರಮಾಣಪತ್ರ, ಪಾಸ್‌ಪೋರ್ಟಿನ ಪ್ರತಿಗಳ ಮೇಲೆ ನಾನು ಒತ್ತಿರುವ ಮೊಹರಿಗೆ ಲೆಕ್ಕವಿಲ್ಲ. ಸ್ವಯಂ ದೃಢೀಕರಣದ ಪದ್ಧತಿ ಬಂದ ಮೇಲೆಯೂ ಪರಿಚಿತ ಕನ್ನಡಿಗರು ಬರುವುದು ನಿಂತಿಲ್ಲ. ಆದರೆ 2023ರಿಂದ ಈಚೆಗೆ ಇಚ್ಛಾಪತ್ರವನ್ನು ಹಿಡಿದು ನನ್ನ ಮೇಜಿನ ಬಳಿಗೆ ಬಂದವರು ಒಬ್ಬರೂ ಇಲ್ಲ. ಹಕ್ಕಿಗಾಗಿ ನ್ಯಾಯಾಲಯದಲ್ಲಿ ವರ್ಷಗಟ್ಟಲೆ ವಾದ ನಡೆಯಿತು. ದೊರೆತ ಹಕ್ಕನ್ನು ಮನೆಯ ಊಟದ ಮೇಜಿನವರೆಗೆ ತರಲು ನಮಗೆ ಬಾಯಿ ಬರುತ್ತಿಲ್ಲ.

ಆಕ್ಷೇಪಗಳುಂಟು. ಸತ್ಯ ಹೇಳಿದರೆ ರೋಗಿ ಧೈರ್ಯಗೆಡುತ್ತಾನೆ ಎನ್ನುತ್ತಾರೆ. ಕೆಲವರು ಕೇಳಲು ಇಚ್ಛಿಸುವುದಿಲ್ಲ, ನಿಜ. ಕೇಳದಿರುವುದೂ ಅವರ ಹಕ್ಕು. ಆದರೆ ಕೇಳಿದವನಿಗೆ ಸುಳ್ಳು ಹೇಳುವ ಹಕ್ಕು ನಮಗೆ ಎಲ್ಲಿಂದ ಬಂತು? ಎರಡನೆಯದು ಹೆಚ್ಚು ಗುರುತರವಾದುದು: ಆಸ್ತಿಗೆ ಕಾದಿರುವ ವಾರಸುದಾರರು ಇದನ್ನು ದುರುಪಯೋಗಪಡಿಸಿಕೊಳ್ಳಲಾರರೆ? ಈ ಶಂಕೆಯನ್ನು ನಾನು ಹಗುರವಾಗಿ ಎಣಿಸುವುದಿಲ್ಲ. ಆದುದರಿಂದಲೇ ನ್ಯಾಯಾಲಯವು ಎರಡು ವೈದ್ಯಕೀಯ ಮಂಡಳಿಗಳ ಒಪ್ಪಿಗೆಯನ್ನು ವಿಧಿಸಿದೆ. ಗುಣವಾಗದ ಕಾಯಿಲೆಯಿಂದ ನಿರ್ಧಾರಶಕ್ತಿಯೇ ನಶಿಸಿದಾಗ ಮಾತ್ರ ಪತ್ರವು ಜಾರಿಗೆ ಬರುತ್ತದೆ. ಬರೆದವರು ಅದನ್ನು ಯಾವಾಗ ಬೇಕಾದರೂ ರದ್ದುಪಡಿಸಬಹುದು. ಅಷ್ಟಲ್ಲದೆ, ಹಿರಿಯರು ತಮ್ಮ ಇಚ್ಛೆಯನ್ನು ಬರೆದಿಡದಿದ್ದಾಗಲೇ ಅಲ್ಲವೆ ವಾರಸುದಾರರ ಮಾತು ನಡೆಯುವುದು? ಮೂರನೆಯ ಆಕ್ಷೇಪಕ್ಕೆ ಮಾತ್ರ ನಾನು ತಲೆಬಾಗುತ್ತೇನೆ. ನಮ್ಮ ದೇಶದ ಬಡವರ ಸಂಕಟ ಅತಿಯಾದ ಚಿಕಿತ್ಸೆಯದಲ್ಲ, ಚಿಕಿತ್ಸೆಯೇ ದೊರೆಯದಿರುವುದರದು. ಸಾವನ್ನು ಒಪ್ಪಿಕೊಳ್ಳಿರೆಂಬ ಉಪದೇಶವನ್ನು ಅವರ ಮುಂದೆ ಮಾಡುವುದು ಕ್ರೌರ್ಯ. ಈ ಲೇಖನ ಅವರಿಗಲ್ಲ. ವಿಮಾ ಕಾರ್ಡು ಹಿಡಿದಿರುವ ನಮಗೆ.

ಒಪ್ಪಿಕೊಳ್ಳುವುದೆಂದರೆ ಕೈಚೆಲ್ಲುವುದೂ ಅಲ್ಲ. ನೋವನ್ನು ನೀಗುವ ಶುಶ್ರೂಷೆಯೇ ಒಂದು ವೈದ್ಯಶಾಸ್ತ್ರವಾಗಿ ಬೆಳೆದಿದೆ. ಮುಂಬಯಿಯ ಬಾಂದ್ರಾದಲ್ಲಿ 1986ರಲ್ಲಿ ತೆರೆದ ಶಾಂತಿ ಅವೇದನಾ ಸದನ, ಬೆಂಗಳೂರಿನಲ್ಲಿ 1999ರಿಂದ ರೋಗಿಗಳಿಗೆ ಆಶ್ರಯವಾಗಿರುವ ಕರುಣಾಶ್ರಯ ಇದಕ್ಕೆ ನಿದರ್ಶನಗಳು. 1985ರ ಮಾದಕ ವಸ್ತು ಕಾಯಿದೆಯಿಂದಾಗಿ ರೋಗಿಗಳಿಗೆ ದುರ್ಲಭವಾಗಿದ್ದ ಮಾರ್ಫಿನ್ನಿನ ನಿಯಮಗಳನ್ನು 2014ರ ತಿದ್ದುಪಡಿ ಸಡಿಲಿಸಿತು. ನೋವು ಹೆಚ್ಚುವುದೇ ಎಂಬ ಆ ಮೂರು ಗಂಟೆಯ ಪ್ರಶ್ನೆಗೆ ಇಂದು ಬಹುಮಟ್ಟಿಗೆ ಉತ್ತರವಿದೆ. ಉತ್ತರವನ್ನು ಕೇಳಬೇಕಾದರೆ ಮೊದಲು ಪ್ರಶ್ನೆಯನ್ನು ಒಪ್ಪಿಕೊಳ್ಳಬೇಕು.

ಮಗುವಿನ ಶವವನ್ನು ಹೊತ್ತು ಬಂದ ಕಿಸಾಗೋತಮಿಗೆ ಬುದ್ಧನು ಉಪದೇಶ ಮಾಡಲಿಲ್ಲ. ಸಾವು ಕಾಣದ ಮನೆಯಿಂದ ಸಾಸಿವೆ ತರಲು ಕಳುಹಿಸಿದನು. ಅವಳಿಗೆ ಸಾಂತ್ವನ ದೊರೆತದ್ದು ಮನೆಮನೆಯ ಬಾಗಿಲಲ್ಲಿ ಜನರು ತಂತಮ್ಮ ಸಾವುಗಳನ್ನು ಹೇಳಿಕೊಂಡಾಗ. ನಮ್ಮ ಸಂಘಗಳು ಮಾಡಬಹುದಾದ ಕೆಲಸವೂ ಇದೇ. ರಾಜ್ಯೋತ್ಸವಕ್ಕೂ ಯುಗಾದಿಗೂ ಸಭಾಂಗಣವನ್ನು ಅಲಂಕರಿಸುವ ನಾವು ವರ್ಷಕ್ಕೊಂದು ದಿನ ವೈದ್ಯರನ್ನೂ ವಕೀಲರನ್ನೂ ಕರೆಸಿ, ಕನ್ನಡದಲ್ಲಿ ಅಚ್ಚುಹಾಕಿಸಿದ ಇಚ್ಛಾಪತ್ರದ ನಮೂನೆಯನ್ನು ಹಂಚೋಣ. ಆಸ್ಪತ್ರೆಯಲ್ಲಿರುವ ಕನ್ನಡದ ಹಿರಿಯರ ಬಳಿ ಹೋಗಿ ಕುಳಿತುಕೊಳ್ಳಬಲ್ಲ ನಾಲ್ಕು ಮಂದಿ ಸದಸ್ಯರ ಹೆಸರನ್ನು ಫಲಕದ ಮೇಲೆ ಬರೆಯೋಣ. ದೃಢೀಕರಣಕ್ಕೆ ನಾನು ಬರುತ್ತೇನೆ, ಮೊಹರನ್ನೂ ತರುತ್ತೇನೆ.

ಹೋದ ತಿಂಗಳು ನಾನು ನನ್ನ ಪತ್ರವನ್ನು ಬರೆದೆ. ಸ್ವಂತ ಪತ್ರಕ್ಕೆ ಸ್ವಂತ ಮೊಹರು ನಡೆಯದಾದ್ದರಿಂದ ನೋಟರಿಯವರ ಬಳಿಗೆ ಹೋಗಬೇಕಾಯಿತು. ಅದನ್ನು ಓದಿದ ನನ್ನ ಹೆಂಡತಿ ಅಂದು ರಾತ್ರಿ ಬಹಳ ಹೊತ್ತು ಸುಮ್ಮನಿದ್ದು, ಬಳಿಕ, “ಊರಿಗೆ ಒಯ್ಯಬೇಕೋ, ಇಲ್ಲಿಯೋ? ಅದನ್ನು ಬರೆದಿಲ್ಲವಲ್ಲ” ಎಂದು ಕೇಳಿದಳು. ನನ್ನ ತಂದೆಯವರನ್ನು ನಾನು ಕೇಳಬೇಕಾಗಿದ್ದ ಪ್ರಶ್ನೆ ಅದು.