ತಿಂಗಳು ತಪ್ಪದ ವಿಜ್ಞಾನ ಬರಹ

ಕನ್ನಡದಲ್ಲಿ ವಿಜ್ಞಾನವನ್ನು ಬರೆಯಲು ಸಾಧ್ಯವೇ ಎಂಬುದು ಈಗ ಪ್ರಶ್ನೆಯಾಗಿ ಉಳಿದಿಲ್ಲ. ಬೆಳ್ಳಾವೆ ವೆಂಕಟನಾರಣಪ್ಪ, ಆರ್. ಎಲ್. ನರಸಿಂಹಯ್ಯ, ಶಿವರಾಮ ಕಾರಂತ, ಜಿ. ಟಿ. ನಾರಾಯಣರಾವ್, ಜೆ. ಆರ್. ಲಕ್ಷ್ಮಣರಾವ್ ಮೊದಲಾದವರು ಬರೆದೇ ತೋರಿಸಿ ಆ ವಾದವನ್ನು ಮುಗಿಸಿದ್ದಾರೆ. ಆದರೆ ಅದರ ಬೆನ್ನಿಗೇ ನಿಂತಿರುವ ಇನ್ನೊಂದು ಪ್ರಶ್ನೆಯನ್ನು ನಾವು ಅಷ್ಟಾಗಿ ಕೈಗೆತ್ತಿಕೊಂಡಂತೆ ಕಾಣುವುದಿಲ್ಲ. ಬರೆಯಬಲ್ಲೆವು, ಸರಿ, ತಿಂಗಳು ತಪ್ಪದೆ ಬರೆಯಬಲ್ಲೆವೆ?

ಯಾದಗಿರಿ, ಶಹಾಪುರ, ಸುರಪುರಗಳ ಕಡೆಯ ಕಾಲೇಜುಗಳಲ್ಲಿ ಪಾಠ ಹೇಳುವ ನಮ್ಮಂಥವರಿಗೆ ಈ ಪ್ರಶ್ನೆ ಕೇವಲ ಸಾಹಿತ್ಯಿಕವಾದುದಲ್ಲ. ವಿಜ್ಞಾನ ಸಂಘಗಳ ಗೋಡೆಪತ್ರಿಕೆಗಳ ಆಯುಷ್ಯವನ್ನು ಕಂಡವರು ಇದನ್ನು ಬಲ್ಲರು. ಮೊದಲ ಸಂಚಿಕೆಯಲ್ಲಿ ಐನ್‌ಸ್ಟೈನರ ಚಿತ್ರವಿರುತ್ತದೆ; ಎರಡನೆಯದರಲ್ಲಿ ಕಪ್ಪುಕುಳಿ. ಮೂರನೆಯದಕ್ಕೆ ಆಂತರಿಕ ಪರೀಕ್ಷೆ ಅಡ್ಡಬರುತ್ತದೆ. ನಾಲ್ಕನೆಯದನ್ನು ಕಂಡವರು ವಿರಳ. ಫಲಕದ ಮೇಲೆ ಬಣ್ಣಗೆಟ್ಟ ಹಾಳೆಯೊಂದು ಮುಂದಿನ ವರ್ಷದ ಪ್ರವೇಶದವರೆಗೂ ಹಾಗೆಯೇ ತೂಗುತ್ತಿರುತ್ತದೆ. ಅಧ್ಯಾಪಕರು ಸ್ಥಳೀಯ ಪತ್ರಿಕೆಗಳಿಗೆ ಬರೆಯುವ ಅಂಕಣಗಳ ಗತಿಯೂ ಇದಕ್ಕಿಂತ ಬಹಳ ಬೇರೆಯಲ್ಲ.

ಇದು ನಮ್ಮ ಭಾಗದ ಸೋಮಾರಿತನವೆಂದು ಯಾರಾದರೂ ಹೇಳುವುದಾದರೆ ಅವರು 1918ನೆಯ ಇಸವಿಯ ಬೆಂಗಳೂರಿನ ಕಡೆಗೆ ನೋಡಬೇಕು. ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸುತ್ತಿದ್ದ ಬೆಳ್ಳಾವೆಯವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ ಕೂಡಿ ಆ ವರ್ಷ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಅದು ಮಹಾಯುದ್ಧದ ಕೊನೆಯ ವರ್ಷ. ಇನ್‌ಫ್ಲುಯೆಂಜಾ ಜ್ವರ ದೇಶವನ್ನೇ ಬಡಿದ ವರ್ಷ. ಹೇಳಬೇಕಾದ ಎಷ್ಟೋ ಸಂಗತಿಗಳಿಗೆ ಕನ್ನಡದಲ್ಲಿ ಒಪ್ಪಿತವಾದ ಹೆಸರೇ ಇರಲಿಲ್ಲ. ಲೇಖನದ ಜೊತೆಗೆ ಪದವನ್ನೂ ಹುಟ್ಟಿಸಿಕೊಳ್ಳಬೇಕಾಗಿತ್ತು. ಪತ್ರಿಕೆ ಎರಡು ವರ್ಷ ನಡೆದು ನಿಂತುಹೋಯಿತು. ಅದೇ ಕಾಲೇಜಿನ ಕರ್ನಾಟಕ ಸಂಘದಿಂದ 1919ರಲ್ಲಿ ಎ. ಆರ್. ಕೃಷ್ಣಶಾಸ್ತ್ರಿಗಳು ಆರಂಭಿಸಿದ ‘ಪ್ರಬುದ್ಧ ಕರ್ನಾಟಕ’ವಾದರೋ ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಆಶ್ರಯವನ್ನು ಪಡೆದು ದಶಕಗಟ್ಟಲೆ ಬಾಳಿತು. ಎರಡರ ಬೆನ್ನಿಗೂ ಇದ್ದವರು ವಿದ್ವಾಂಸರೇ, ಶ್ರದ್ಧಾವಂತರೇ. ಆದರೆ ಒಂದು ತಿಂಗಳಿಗೊಮ್ಮೆ ಬರಬೇಕಾಗಿತ್ತು, ಇನ್ನೊಂದು ಮೂರು ತಿಂಗಳಿಗೊಮ್ಮೆ. ಒಂದು ಕೆಲವೇ ಕೈಗಳ ಮೇಲೆ ನಿಂತಿತ್ತು, ಇನ್ನೊಂದಕ್ಕೆ ಒಂದು ಸಂಸ್ಥೆಯ ಹೆಗಲು ದೊರೆಯಿತು. ‘ವಿಜ್ಞಾನ’ ನಿಂತದ್ದಕ್ಕೆ ಬರೆಯುವವರಲ್ಲಿ ತಿಳಿವಳಿಕೆ ಸಾಲದಿದ್ದುದೇ ಕಾರಣವೆಂದು ಯಾರೂ ಹೇಳಲಾರರು. ಅದೇ ಬೆಳ್ಳಾವೆಯವರು ಮುಂದೆ ‘ಜೀವವಿಜ್ಞಾನ’ದಂಥ ದೊಡ್ಡ ಗ್ರಂಥವನ್ನೇ ಬರೆದರು. ಗ್ರಂಥಕ್ಕೆ ಬೇಕಾದ ತಾಳ್ಮೆ ಒಂದು ಬಗೆಯದು, ತಿಂಗಳ ಗಡುವಿಗೆ ಬೇಕಾದ ವ್ಯವಸ್ಥೆ ಇನ್ನೊಂದು ಬಗೆಯದು.

ಇಲ್ಲಿ ಒಂದು ಆಕ್ಷೇಪವು ಸಹಜವಾಗಿಯೇ ಬರುತ್ತದೆ. ಬರೆಯುವುದಕ್ಕೆ ಹುರುಳಿರುವಾಗ ಬರೆದರಾಯಿತು. ಗಡುವಿಗಾಗಿ ಬರೆದುದು ಜೊಳ್ಳಾಗುತ್ತದೆ. ವರ್ಷಕ್ಕೆರಡಾದರೂ ಗಟ್ಟಿ ಲೇಖನಗಳು ಸಾಕಲ್ಲವೆ? ಸಂಶೋಧನೆಯ ಪ್ರಬಂಧಕ್ಕೆ ಈ ಮಾತು ಸಲ್ಲುತ್ತದೆ. ಪ್ರಯೋಗ ಮುಗಿಯದೆ ಪ್ರಬಂಧವಿಲ್ಲ. ಜನಸಾಮಾನ್ಯರಿಗಾಗಿ ಬರೆಯುವುದಕ್ಕೆ ಇದನ್ನೇ ಅನ್ವಯಿಸುವುದನ್ನು ಮಾತ್ರ ನಾವು ಒಪ್ಪಲಾರೆವು. ಕಾರಣವನ್ನು ನಮ್ಮ ಊರುಗಳಿಂದಲೇ ತೋರಿಸಬಹುದು.

ಯಾದಗಿರಿಯ ಅಕ್ಷಾಂಶ ಸುಮಾರು 16.8 ಅಂಶ, ಸುರಪುರದ್ದು ಸುಮಾರು 16.5. ಕರ್ಕಾಟಕ ಸಂಕ್ರಾಂತಿವೃತ್ತಕ್ಕಿಂತ ದಕ್ಷಿಣದಲ್ಲಿರುವುದರಿಂದ ಸೂರ್ಯನು ವರ್ಷಕ್ಕೆ ಎರಡು ಸಲ ಇವುಗಳ ನೆತ್ತಿಯ ಮೇಲೆ ಹಾದುಹೋಗುತ್ತಾನೆ: ಮೇ ತಿಂಗಳ ಮೊದಲ ವಾರದ ಕೊನೆಯ ಹೊತ್ತಿಗೊಮ್ಮೆ, ಆಗಸ್ಟಿನ ಮೊದಲ ವಾರದಲ್ಲಿ ಮತ್ತೊಮ್ಮೆ. ಆ ದಿನ ನಡುಹಗಲಿನಲ್ಲಿ ನೆಟ್ಟ ಕೋಲಿಗೆ ನೆರಳಿರುವುದಿಲ್ಲ. ಅದೂ ಗಡಿಯಾರದ ಹನ್ನೆರಡಕ್ಕಲ್ಲ. ಭಾರತೀಯ ಕಾಲಮಾನದ ರೇಖೆ ನಮಗಿಂತ ಐದೂಕಾಲು ಅಂಶಕ್ಕೂ ತುಸು ಹೆಚ್ಚು ಪೂರ್ವದಲ್ಲಿರುವುದರಿಂದ ಮೇ ತಿಂಗಳಲ್ಲಿ ಸುಮಾರು 12 ಗಂಟೆ 18 ನಿಮಿಷಕ್ಕೆ, ಆಗಸ್ಟಿನಲ್ಲಿ ಸುಮಾರು 12 ಗಂಟೆ 27 ನಿಮಿಷಕ್ಕೆ. ಮೇ ತಿಂಗಳಲ್ಲಿ ಸೂರ್ಯನು ಉತ್ತರಕ್ಕೆ ಸರಿಯುತ್ತಿರುವುದರಿಂದ ನೆರಳು ಮೊದಲು ಸುರಪುರದಲ್ಲಿ ಮಾಯವಾಗಿ, ಹತ್ತಿರಹತ್ತಿರ ಒಂದು ದಿನದ ಬಳಿಕ ಯಾದಗಿರಿಯಲ್ಲಿ ಮಾಯವಾಗುತ್ತದೆ. ಆಗಸ್ಟಿನಲ್ಲಿ ಸರದಿ ತಿರುವುಮುರುವು. ಒಂದು ಕೋಲು, ಒಂದು ಗಡಿಯಾರ, ಎರಡು ಊರುಗಳ ಹುಡುಗರ ನಡುವೆ ಒಂದು ದೂರವಾಣಿ ಕರೆ ಇಷ್ಟಿದ್ದರೆ ಭೂಮಿ ದುಂಡಗಿರುವುದನ್ನು ಅಂಗಳದಲ್ಲಿಯೇ ಕಾಣಬಹುದು. ಇದನ್ನು ಕುರಿತ ಲೇಖನವು ಎಷ್ಟೇ ಗಟ್ಟಿಯಾಗಿರಲಿ, ಮೇ 20ಕ್ಕೆ ಪ್ರಕಟವಾದರೆ ಅದರಿಂದ ಯಾರಿಗೇನು? ಆಕಾಶವು ನಮ್ಮ ಮೌಲ್ಯಮಾಪನದ ರಜೆಯನ್ನು ಕಾಯುವುದಿಲ್ಲ.

ನೆರಳಿನದು ಸಂತೋಷದ ಸಂಗತಿ. ನೀರಿನದು ಹಾಗಲ್ಲ. ಸುರಪುರ ಸೀಮೆಯಲ್ಲಿ, ಚಿನ್ನದ ಅದುರಿಗೆ ಹೆಸರಾದ ಮಂಗಳೂರು ಶಿಲಾವಲಯದ (ಕರಾವಳಿಯ ಮಂಗಳೂರಲ್ಲ, ನಮ್ಮದೇ ಮಂಗಳೂರು) ಕಿರದಳ್ಳಿ ತಾಂಡಾದಲ್ಲಿ ಕೊಳವೆಬಾವಿಯ ನೀರಿನೊಳಗೆ ಆರ್ಸೆನಿಕ್ ಇರುವುದನ್ನೂ, ಜನರ ಚರ್ಮದ ಮೇಲೆ ಅದರ ಲಕ್ಷಣಗಳು ಮೂಡಿದ್ದನ್ನೂ ಕುರಿತ ಅಧ್ಯಯನವೊಂದು 2013ರಲ್ಲಿ ಅಂತಾರಾಷ್ಟ್ರೀಯ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾಯಿತು. ಚಿನ್ನದ ಅದುರಿನ ಜೊತೆಗೆ ಆರ್ಸೆನೋಪೈರೈಟ್ ಎಂಬ ಖನಿಜವು ಅನೇಕ ಕಡೆ ಕಾಣಿಸಿಕೊಳ್ಳುತ್ತದೆ. ಅದು ಶಿಥಿಲವಾದಾಗ ಆರ್ಸೆನಿಕ್ ಅಂತರ್ಜಲವನ್ನು ಸೇರಬಲ್ಲದು. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿರುವ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ, ಅಂದರೆ ಒಂದು ಗ್ರಾಮಿನ ಒಂದು ಲಕ್ಷದಲ್ಲೊಂದು ಪಾಲು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ನೀರನ್ನು ಕಾಯಿಸಿ ಕುಡಿಯಿರಿ ಎಂದು ಶಾಲೆಯಲ್ಲಿ ಹೇಳಿಕೊಟ್ಟ ಪಾಠವು ಇಲ್ಲಿ ಕೈಕೊಡುತ್ತದೆ. ಕುದಿಸಿದರೆ ಕ್ರಿಮಿಗಳು ಸಾಯುತ್ತವೆ, ಆರ್ಸೆನಿಕ್ ಸಾಯುವಂಥದಲ್ಲ. ಆವಿಯಾಗಿ ಹೋಗುವುದು ನೀರು. ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚೇ ಆಗುತ್ತದೆ.

ಇಷ್ಟನ್ನು ಒಮ್ಮೆ ಅಚ್ಚು ಹಾಕಿಸಿದರೆ ಲೇಖಕನ ಕರ್ತವ್ಯ ಮುಗಿಯಿತೆ? ನಮ್ಮ ಭಾಗದ ತಾಂಡಾಗಳಿಂದ ಎಷ್ಟೋ ಕುಟುಂಬಗಳು ಗುಳೆ ಹೋಗುತ್ತವೆ. ಬೆಂಗಳೂರು, ಪುಣೆ, ಮುಂಬಯಿಗಳಲ್ಲಿ ಕಟ್ಟಡದ ಕೆಲಸ ಮಾಡಿ ತಿಂಗಳುಗಟ್ಟಲೆ ಕಳೆದ ಮೇಲೆ ಊರಿಗೆ ಮರಳುತ್ತವೆ. ಅವರಿಲ್ಲದಾಗ ಬಂದುಹೋದ ಲೇಖನ ಅವರ ಪಾಲಿಗೆ ಹುಟ್ಟಲೇ ಇಲ್ಲ. ಹೊಸದಾಗಿ ಮದುವೆಯಾಗಿ ಬಂದ ಸೊಸೆಗೆ ಕಳೆದ ವರ್ಷದ ಸಂಚಿಕೆಯ ಸುದ್ದಿ ಯಾರು ಹೇಳಬೇಕು? ಶಾಲೆಯಲ್ಲಿ ಓದಬಲ್ಲ ಮಗುವೊಂದು ಮನೆಯವರಿಗೆ ಗಟ್ಟಿಯಾಗಿ ಓದಿ ಹೇಳಬೇಕಾದರೆ ಅದೇ ವಿಷಯವು ಬೇರೆ ಬೇರೆ ರೂಪದಲ್ಲಿ ಮತ್ತೆ ಮತ್ತೆ ಬರಬೇಕು. ಶಹಾಪುರದ ಬಳಿಯ ಗೋಗಿಯಲ್ಲಿ ಯುರೇನಿಯಂ ನಿಕ್ಷೇಪದ ಶೋಧ ನಡೆದಾಗಿನಿಂದ ವಿಕಿರಣವನ್ನು ಕುರಿತ ಪ್ರಶ್ನೆಗಳಿಗೂ ಇದೇ ಅವಸ್ಥೆ. ಸುದ್ದಿ ಎದ್ದಾಗ ನಾಲ್ಕು ದಿನ ಎಲ್ಲರೂ ಕೇಳುತ್ತಾರೆ. ಕೈಗೆ ಕೊಡಲು ಕನ್ನಡದ ಒಂದು ಹಾಳೆ ಸಿದ್ಧವಿರುವುದಿಲ್ಲ. ಆ ಖಾಲಿ ಜಾಗವನ್ನು ವದಂತಿಯು ತುಂಬುತ್ತದೆ. ವದಂತಿ ಎಂದೂ ಗಡುವು ತಪ್ಪಿಸಿದ್ದಿಲ್ಲ.

ಸಮಯವಿಲ್ಲವೆಂಬ ಮಾತನ್ನು ನಾವು ಹಗುರಾಗಿ ಕಾಣುವುದಿಲ್ಲ. ವರ್ಷಕ್ಕೆರಡು ಸೆಮಿಸ್ಟರು, ಅವುಗಳ ಪರೀಕ್ಷೆ, ಮೌಲ್ಯಮಾಪನ, ಪ್ರವೇಶ, ವರದಿಗಳು. ಬೇಸಗೆಯ ಬಿಸಿಲೋ ಹೇಳತಕ್ಕುದಲ್ಲ. ಬಡ್ತಿಯ ಲೆಕ್ಕದಲ್ಲಿ ಕನ್ನಡದ ಜನಪ್ರಿಯ ಲೇಖನಕ್ಕೆ ಸಂಶೋಧನಾ ಪ್ರಬಂಧಕ್ಕಿರುವ ತೂಕವಿಲ್ಲ. ಇರಬೇಕೆಂದು ನಮ್ಮ ಅಭಿಪ್ರಾಯ. ಆದರೂ ಸುರಪುರದ ಗುಡ್ಡದ ಮೇಲೆ ನಿಂತಿರುವ ಟೇಲರ್ ಮಂಜಿಲನ್ನು ಕಂಡಾಗಲೆಲ್ಲ ಬೇರೊಂದು ಯೋಚನೆ ಬರುತ್ತದೆ. 1841ರಿಂದ ಹನ್ನೆರಡು ವರ್ಷಗಳ ಕಾಲ ಈ ಸಂಸ್ಥಾನದ ಆಡಳಿತವನ್ನು ನೋಡಿಕೊಂಡ ಮೆಡೋಸ್ ಟೇಲರ್, ಆ ಕೆಲಸದ ನಡುವೆಯೇ ಲಂಡನ್ನಿನ ‘ಟೈಮ್ಸ್’ ಪತ್ರಿಕೆಗೆ ಬಾತ್ಮೀದಾರನಾಗಿ ಬರೆಯುತ್ತಿದ್ದನು; ಸುತ್ತಲಿನ ಬೃಹತ್ ಶಿಲಾ ಸಮಾಧಿಗಳನ್ನು ಅಗೆದು ನೋಡಿ ಪಂಡಿತರ ಪತ್ರಿಕೆಗಳಿಗೂ ಬರೆದನು. ಅವನಿಗೆ ಆಳುಕಾಳುಗಳಿದ್ದರು, ಅಧಿಕಾರವಿತ್ತು ಎಂಬುದು ನಿಜ. ಅವನು ಬರೆದುದೆಲ್ಲ ಇಂಗ್ಲಿಷಿನಲ್ಲಿ ಎಂಬುದೂ ನಿಜ. ಶಹಾಪುರದ ಹತ್ತಿರದ ವಿಭೂತಿಹಳ್ಳಿಯಲ್ಲಿ ಸಾಲುಸಾಲಾಗಿ ಇಟ್ಟಿರುವ ಬಂಡೆಗಳ ಸಂಗತಿಯನ್ನು ದೂರದ ವಿದ್ವಾಂಸರು ಓದಿದರು. ಪಕ್ಕದ ಹೊಲದವನಿಗೆ ಅವು ಬರಿಯ ಕಲ್ಲುಗಳಾಗಿಯೇ ಉಳಿದವು.

ಉದ್ಯೋಗದ ಭಾರವನ್ನು ಹೊತ್ತುಕೊಂಡೇ ನಿಯತವಾಗಿ ಬರೆದವರು ವಿಜ್ಞಾನಿಗಳಲ್ಲಿಯೂ ಇದ್ದಾರೆ. ಜೆ. ಬಿ. ಎಸ್. ಹಾಲ್ಡೇನ್ ಲಂಡನ್ನಿನಲ್ಲಿ ಪ್ರಾಧ್ಯಾಪಕರಾಗಿದ್ದಾಗಲೇ ‘ಡೈಲಿ ವರ್ಕರ್’ ಎಂಬ ಕಾರ್ಮಿಕರ ಪತ್ರಿಕೆಗೆ ಮುನ್ನೂರಕ್ಕೂ ಮಿಕ್ಕಿ ವಿಜ್ಞಾನ ಲೇಖನಗಳನ್ನು ಬರೆದರು. ಅಮೆರಿಕದ ಸ್ಟೀಫನ್ ಜೇ ಗೌಲ್ಡ್ 1974ರ ಜನವರಿಯಿಂದ 2001ರ ಜನವರಿಯವರೆಗೆ ‘ನ್ಯಾಚುರಲ್ ಹಿಸ್ಟರಿ’ ಪತ್ರಿಕೆಗೆ ಮುನ್ನೂರು ಪ್ರಬಂಧಗಳನ್ನು ಬರೆದರು. ನಡುವೆ ಕ್ಯಾನ್ಸರಿಗೆ ತುತ್ತಾಗಿ ಚೇತರಿಸಿಕೊಂಡರು. ಇವರು ಅಸಾಧಾರಣರು, ನಮ್ಮಂಥವರಿಗೆ ಅಳತೆಗೋಲಾಗಲಾರರು. ಆದರೆ ಗೌಲ್ಡರು ಹಿಡಿದ ದಾರಿ ಅನುಕರಣೀಯವಾದುದು: ಚಿಕ್ಕದೊಂದು ಸಂಗತಿಯಿಂದ, ಒಂದು ಬಸವನಹುಳುವಿನಿಂದಲೋ ಪಾಂಡಾದ ಹೆಬ್ಬೆರಳಿನಿಂದಲೋ ಹೊರಡುವುದು.

ನಮ್ಮ ಗೋಡೆಪತ್ರಿಕೆಗಳೂ ಅಂಕಣಗಳೂ ಸಾಯುವುದು ಬಹುಮಟ್ಟಿಗೆ ವಿಷಯದ ಗಾತ್ರದಿಂದ. ಸಾಪೇಕ್ಷತಾ ಸಿದ್ಧಾಂತದಿಂದ ಆರಂಭಿಸಿದವನಿಗೆ ಮರುತಿಂಗಳು ಅದಕ್ಕಿಂತ ದೊಡ್ಡದು ಬೇಕೆನ್ನಿಸುತ್ತದೆ. ಮಣ್ಣಿನ ಹರವಿಯ ನೀರು ಏಕೆ ತಣ್ಣಗಿರುತ್ತದೆ, ನಾರಾಯಣಪುರದ ಎಡದಂಡೆ ಕಾಲುವೆಯ ನೀರು ಪಂಪಿಲ್ಲದೆ ಅಷ್ಟು ದೂರ ಹೇಗೆ ಹರಿಯುತ್ತದೆ, ಬಂಡೆಗಲ್ಲಿನ ಗುಡ್ಡ ರಾತ್ರಿಯೂ ಏಕೆ ಬಿಸಿಯುಸಿರು ಬಿಡುತ್ತದೆ ಎಂದು ತೊಡಗಿದವನಿಗೆ ವರ್ಷದ ಹನ್ನೆರಡು ತಿಂಗಳು ಸಾಲದೆ ಬರುತ್ತವೆ. ಅವುಗಳಲ್ಲಿ ಕೆಲವನ್ನು ಪಂಚಾಂಗವೇ ಗೊತ್ತುಮಾಡಿಕೊಡುತ್ತದೆ: ಮೇ ಮತ್ತು ಆಗಸ್ಟಿನ ನೆರಳು, ಜೂನಿನ ಮೋಡ, ಡಿಸೆಂಬರಿನ ಉಲ್ಕೆಗಳು. ಒಬ್ಬನೇ ಬರೆಯುವ ಬದಲು ಭೌತಶಾಸ್ತ್ರದವರು, ರಸಾಯನಶಾಸ್ತ್ರದವರು, ಸಸ್ಯಶಾಸ್ತ್ರದವರು ಸರದಿ ಹಿಡಿದರೆ ಒಬ್ಬೊಬ್ಬರ ಪಾಲಿಗೆ ವರ್ಷಕ್ಕೆ ನಾಲ್ಕೇ ಬರುತ್ತವೆ. ಕೃಷಿಕನ ಮನೆಯಲ್ಲಿ ಬಿತ್ತನೆಯ ಬೀಜವನ್ನು ಬೇರೆಯಾಗಿಯೇ ತೆಗೆದಿಡುವಂತೆ ಕೊನೆಯ ಪಕ್ಷ ಎರಡು ಲೇಖನಗಳು ಯಾವಾಗಲೂ ಪೆಟ್ಟಿಗೆಯಲ್ಲಿರಬೇಕು. ಪರೀಕ್ಷೆಯ ತಿಂಗಳಲ್ಲಿ ಹೊರಬರುವುದು ಅವುಗಳಲ್ಲಿ ಒಂದು.

ಆಗಸ್ಟಿನ ನೆರಳಿನ ಲೇಖನವು ಜುಲೈ ಸಂಚಿಕೆಯಲ್ಲಿ ಬರಬೇಕು. ಅಚ್ಚಿಗೆ ಹೋಗಬೇಕಾದರೆ ಅದು ಜೂನ್ ಮುಗಿಯುವುದರೊಳಗೆ ಕೈಸೇರಬೇಕು. ಜೂನಿನಲ್ಲಿ ಪ್ರವೇಶದ ಗಲಾಟೆ; ಆದುದರಿಂದ ಅದನ್ನು ಮೇ ತಿಂಗಳಲ್ಲಿಯೇ, ಆ ತಿಂಗಳ ನೆರಳನ್ನು ಅಳೆದ ಸಂಜೆಯೇ, ಅಳತೆಗಳು ಕೈಯಲ್ಲಿರುವಾಗಲೇ ಬರೆದಿಡುವುದು ಲೇಸು.