ಪಾಠಶಾಲೆಯ ಒಂದು ವಾರ

ಆಗಸ್ಟ್ ತಿಂಗಳಿನ 10ರಿಂದ 15ರವರೆಗೆ ನಮ್ಮ ನಾಡಿನ ಯಾವ ಸರಕಾರಿ ಪ್ರಾಥಮಿಕ ಶಾಲೆಯ ಹೊಸ್ತಿಲನ್ನು ತುಳಿದರೂ ಅಲ್ಲಿ ಬಿಡುವೆಂಬುದು ಕಾಣದು. 10ನೆಯ ತಾರೀಖು ಜಂತುಹುಳು ನಿವಾರಣೆಯ ದಿನ. ಮಕ್ಕಳಿಗೆ ಮಾತ್ರೆ ಕೊಡಿಸಿ ಹೆಸರು ಬರೆದಿಡಬೇಕು. ಅಷ್ಟರಲ್ಲಿ ಕ್ರೀಡಾಕೂಟದ ಸಿದ್ಧತೆ. ಅದರ ಬೆನ್ನಿಗೆ ಪ್ರತಿಭಾ ಕಾರಂಜಿಗೆ ಹಾಡು, ಅಭಿನಯ, ಕಂಠಪಾಠಗಳ ಅಭ್ಯಾಸ. ಆ ಬಳಿಕ ಅಂಗಳ ಗುಡಿಸಿ, ತೋರಣ ಕಟ್ಟಿ, ಧ್ವಜಸ್ತಂಭದ ಹಗ್ಗ ಸರಿಪಡಿಸಿ, 15ರ ಪ್ರಾತಃಕಾಲ ಪ್ರಭಾತಫೇರಿ ಹೊರಡಿಸಬೇಕು. ಈ ನಡುವೆ ದಿನವೂ ಹಾಲು ಕಾಯಬೇಕು, ಅನ್ನ ಬೇಯಬೇಕು. ಇಷ್ಟನ್ನೂ ಅನೇಕ ಕಡೆ ಒಬ್ಬಿಬ್ಬರು ಉಪಾಧ್ಯಾಯರೇ ನಿರ್ವಹಿಸುತ್ತಿರುವರು.

ಈ ಗಡಿಬಿಡಿಯನ್ನು ಕಂಡು ಮೂಗುಮುರಿಯುವವರ ಪಂಕ್ತಿಗೆ ನಾವು ಸೇರಿದವರಲ್ಲ. 2002ರಲ್ಲಿ ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ ಮೊದಲಾದ ಅಕ್ಷರ ದಾಸೋಹವೂ 2013ರ ಕ್ಷೀರಭಾಗ್ಯವೂ ಹಸಿದು ಬಂದ ಕೂಸನ್ನು ಪಾಠಕ್ಕೆ ಅಣಿಗೊಳಿಸಿದವು. ಒಂದೇ ಸಾಲಿನಲ್ಲಿ ಕುಳಿತು ಉಣ್ಣುವ ಮಕ್ಕಳು ಸಮಾನತೆಯನ್ನು ಪುಸ್ತಕದ ಹಂಗಿಲ್ಲದೆ ಕಲಿಯುವರು. ಆಟವೂ ಹಾಡೂ ಧ್ವಜವಂದನೆಯೂ ಶಿಕ್ಷಣವೇ ಸರಿ.

ನಮ್ಮ ಆಕ್ಷೇಪಣೆ ಇರುವುದು ಬರವಣಿಗೆಯ ಹೊರೆಯ ಮೇಲೆ. ಉಂಡವರ ಲೆಕ್ಕ, ಅಕ್ಕಿಬೇಳೆಯ ದಾಸ್ತಾನು, ಮೊಟ್ಟೆ ತಿಂದವರೆಷ್ಟು, ಬಾಳೆಯ ಹಣ್ಣು ತಿಂದವರೆಷ್ಟು, ನಡೆದ ಕಾರ್ಯಕ್ರಮಗಳ ಛಾಯಾಚಿತ್ರಗಳು — ಎಲ್ಲವನ್ನೂ ಕಳುಹಿಸಬೇಕು. ಕಳುಹಿಸಿದ್ದನ್ನೇ ಇನ್ನೊಂದು ನಮೂನೆಯಲ್ಲಿ ಮತ್ತೆ ಕಳುಹಿಸಬೇಕು. ಉಪಾಧ್ಯಾಯರು ಕೈಯಲ್ಲಿ ಮೊಬೈಲ್ ಹಿಡಿದು ಜಾಲ ಸಂಪರ್ಕಕ್ಕಾಗಿ ಅಂಗಳದಲ್ಲಿ ಅಲೆಯುತ್ತಿರುವಾಗ ಒಳಗೆ ಮಕ್ಕಳ ಗತಿಯೇನು?

2009ರ ಶಿಕ್ಷಣ ಹಕ್ಕಿನ ಶಾಸನವು ಐದನೆಯ ತರಗತಿಯವರೆಗೆ ವರ್ಷಕ್ಕೆ ಕನಿಷ್ಠ 200 ದಿನ, 800 ಗಂಟೆಗಳ ಬೋಧನೆಯನ್ನು ವಿಧಿಸಿದೆ. ಅಂದರೆ ದಿನಕ್ಕೆ 4 ಗಂಟೆ. ಇದರಲ್ಲಿ ದಿನಕ್ಕೆ ಒಂದೇ ಗಂಟೆ ಲೆಕ್ಕಪತ್ರಗಳ ಪಾಲಾಯಿತೆನ್ನೋಣ. ವರ್ಷಕ್ಕೆ 200 ಗಂಟೆ, ಎಂದರೆ 50 ದಿನಗಳ ಪಾಠ ನಷ್ಟ. ಐದು ವರ್ಷಗಳಲ್ಲಿ 250 ದಿನ! ಐದನೆಯ ತರಗತಿಯನ್ನು ಮುಗಿಸುವಷ್ಟರಲ್ಲಿ ಮಗುವು ಒಂದು ವರ್ಷಕ್ಕೂ ಮಿಕ್ಕಿದ ವಿದ್ಯೆಯನ್ನು ಕಳೆದುಕೊಂಡಿರುತ್ತದೆ. ಉಳ್ಳವರ ಮಕ್ಕಳು ಈ ನಷ್ಟವನ್ನು ಮನೆಪಾಠದಿಂದ ತುಂಬಿಕೊಳ್ಳಬಹುದು. ಕೂಲಿಕಾರನ ಮಗಳಿಗೆ ಶಾಲೆಯ ಹೊರತು ಬೇರೆ ಗತಿಯಿಲ್ಲ.

ದಶವಾರ್ಷಿಕ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಇವುಗಳನ್ನುಳಿದು ಬೇರಾವ ಶಿಕ್ಷಣೇತರ ಕಾರ್ಯಕ್ಕೂ ಉಪಾಧ್ಯಾಯರನ್ನು ನಿಯೋಜಿಸಕೂಡದೆಂದು ಅದೇ ಶಾಸನದ 27ನೆಯ ಕಲಮು ಹೇಳುತ್ತದೆ. ಆದರೂ 2025ರಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಅವರನ್ನೇ ಮನೆಮನೆಗೆ ಕಳುಹಿಸಿ, ದಸರೆಯ ರಜೆಯನ್ನು ಅಕ್ಟೋಬರ್ 18ರವರೆಗೆ ಬೆಳೆಸಿದುದನ್ನು ವಾಚಕರು ಮರೆತಿರಲಾರರು. ಸಮೀಕ್ಷೆ ಬೇಕೋ ಬೇಡವೋ ಎಂಬುದು ಬೇರೆ ಮಾತು. ಅದರ ಬೆಲೆಯನ್ನು ಮಕ್ಕಳಿಂದ ವಸೂಲು ಮಾಡುವುದು ನ್ಯಾಯವಲ್ಲ.

ಪರಿಹಾರವೇನೂ ದುಸ್ಸಾಧ್ಯವಲ್ಲ. ಕೆಲವು ಶಾಲೆಗಳಿಗೆ ಒಬ್ಬರಂತೆ ಗುಮಾಸ್ತರನ್ನು ನೇಮಿಸತಕ್ಕದ್ದು. ಒಮ್ಮೆ ಪಡೆದ ವಿವರವನ್ನು ಮತ್ತೆ ಕೇಳದಂತೆ ಕಚೇರಿಗಳು ತಮ್ಮೊಳಗೆ ಏರ್ಪಾಡು ಮಾಡಿಕೊಳ್ಳತಕ್ಕದ್ದು. ಪಾಠದ ವೇಳೆಯಲ್ಲಿ ಸಭೆಗೆ ಕರೆಯುವ ಪದ್ಧತಿ ನಿಲ್ಲತಕ್ಕದ್ದು. ಅಧಿಕಾರಿ ಮಹಾಶಯರು ಒಂದು ದಿನವಾದರೂ ಮುನ್ಸೂಚನೆಯಿಲ್ಲದೆ ಶಾಲೆಗೆ ಹೋಗಿ, ದಾಖಲೆಯ ಪುಸ್ತಕಗಳನ್ನು ಮುಚ್ಚಿರಿಸಿ, ಮೂರನೆಯ ತರಗತಿಯ ಮಗುವಿನಿಂದ ನಾಲ್ಕು ಸಾಲು ಓದಿಸಿ ನೋಡಲಿ.

ಪೌರರ ಹೊಣೆಯೂ ಉಂಟು. ಶಾಲಾಭಿವೃದ್ಧಿ ಸಮಿತಿಗಳು ಧ್ವಜಾರೋಹಣದ ದಿನ ಹಾರ ಹಾಕಿಸಿಕೊಳ್ಳುವುದಕ್ಕಾಗಿ ಇರುವುವಲ್ಲ. ಉತ್ಸವದ ಸಿದ್ಧತೆಯನ್ನು ಊರವರು ಹೊತ್ತುಕೊಂಡರೆ ಉಪಾಧ್ಯಾಯರು ಕರಿಹಲಗೆಯ ಮುಂದೆ ನಿಲ್ಲಬಲ್ಲರು. ಸ್ವಾತಂತ್ರ್ಯ ದಿನದಂದು ಆ ಪುಟ್ಟ ಕೈಗಳು ಎತ್ತಿ ಹಿಡಿಯುವ ಬಾವುಟದ ಮೇಲೆ ನಮಗೆ ನಿಜವಾದ ಗೌರವವಿದ್ದರೆ, 16ರಿಂದಾಚೆಗಾದರೂ ಆ ಮಕ್ಕಳಿಗೆ ಅವರ ನಾಲ್ಕು ಗಂಟೆಗಳನ್ನು ಪೂರ್ಣವಾಗಿ ಹಿಂದಿರುಗಿಸೋಣ.