ಕಣ್ಣು ಬಿದ್ದಿದ್ದಲ್ಲ ಕಣ್ರೀ, ಕರುಳುಬೇನೆ

(1/4)
ಫೋಟೋದಲ್ಲಿರೋ ಮಂದೆ ನೋಡಿ. ಇದಕ್ಕೆ ಕರುಳುಬೇನೆ ಬಂದರೆ ಮೊದಲು ಸಾಯೋದು ಯಾವುದು ಹೇಳಿ? ಬಡಕಲು ಮರಿ ಅಲ್ಲ. ತಾಯಿಗೆ ಒಂಟಿಯಾಗಿ ಹುಟ್ಟಿ, ಹೊಟ್ಟೆ ತುಂಬ ಹಾಲು ಕುಡಿದು ಮೈಕೈ ತುಂಬಿಕೊಂಡ ಮರಿ. ಸಂಜೆ ಚೆನ್ನಾಗೇ ಮೇಯ್ದಿರುತ್ತೆ. ಬೆಳಗ್ಗೆ ರೊಪ್ಪದಲ್ಲಿ ಕತ್ತು ಹಿಂದಕ್ಕೆ ಸೆಟೆದು ಬಿದ್ದಿರುತ್ತೆ. ಅದಕ್ಕೇ ನಮ್ಮ ದೊಡ್ಡಬಳ್ಳಾಪುರದ ಸುತ್ತಿನ ಹಳ್ಳಿಗಳಲ್ಲಿ "ಯಾರದೋ ಕಣ್ಣು ಬಿತ್ತು" ಅನ್ನೋದು ಅಷ್ಟು ಸಲೀಸು. ಹಿಂದಿನ ದಿನ "ಮರಿ ಚೆನ್ನಾಗಿದೆ" ಅಂದ ಪಕ್ಕದ ಮನೆ ಹೆಂಗಸಿನ ಜೊತೆ ಮಾತೇ ಬಿಡ್ತೀರಿ. ಆಯಮ್ಮ ಮಾಡಿದ ತಪ್ಪೇನು?

(2/4)
ಕೊಂದದ್ದು ಕಣ್ಣಲ್ಲ, ಮೇವಿನ ಭರಾಟೆ. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಅನ್ನೋ ಬ್ಯಾಕ್ಟೀರಿಯಾ ಆರೋಗ್ಯವಾಗಿರೋ ಕುರಿಯ ಕರುಳಲ್ಲೂ ಇರಬಹುದು. ಮೊದಲ ಮಳೆಗೆ ಚಿಗುರಿದ ಎಳೆ ಹುಲ್ಲನ್ನೋ, ಕಣದಲ್ಲಿ ಸಿಕ್ಕಿದ ರಾಗಿಯನ್ನೋ ಹೊಟ್ಟೆ ಬಿರಿಯ ತಿಂದರೆ ಅದು ವಿಪರೀತ ಹೆಚ್ಚುತ್ತೆ. ಚೆನ್ನಾಗಿ ತಿನ್ನೋ ಮರಿಯೇ ಮೊದಲು ಸಾಯೋದು ಇದಕ್ಕೆ.

ಅದು ಬಿಡೋ ವಿಷದ ಹೆಸರು ಎಪ್ಸಿಲಾನ್. ಹುಟ್ಟುವಾಗ ಅದು ಸಾಧು. ಕುರಿಯದೇ ಜೀರ್ಣರಸದಲ್ಲಿರೋ ಟ್ರಿಪ್ಸಿನ್ ಅದರ ತುದಿ ಕತ್ತರಿಸಿದ ಮೇಲೆ ಕೊಲೆಗಡುಕ. ರಕ್ತಕ್ಕೆ ಸೇರಿ, ರಕ್ತನಾಳದ ಒಳಪದರದ ಜೀವಕೋಶಗಳ ಮೇಲೆ ಕೂತು, ಏಳೇಳು ಕಣ ಕೂಡಿ ಒಂದೊಂದು ತೂತು ಕೊರೆಯುತ್ತೆ. ನಾಳ ಸೋರುತ್ತೆ. ಮಿದುಳಿನ ನಾಳ ಸೋರಿದರೆ ಮಿದುಳು ಊದುತ್ತೆ, ಆದರೆ ಬುರುಡೆ ಹಿಗ್ಗಲ್ಲವಲ್ಲ! ಕತ್ತು ಸೆಟೆಯೋದು ಅದಕ್ಕೆ. ಹೃದಯದ ಚೀಲದಲ್ಲಿ ನೀರು, ಶ್ವಾಸಕೋಶದಲ್ಲಿ ನೀರು, ಮೂತ್ರಪಿಂಡ ಕೊಳೆತ ಹಣ್ಣಿನ ಹಾಗೆ ಮೆತ್ತಗೆ.

(3/4)
ಮರಿ ಬಿದ್ದ ಮೇಲೆ ಅಂಗಡಿಯಿಂದ ಆಂಟಿಬಯೋಟಿಕ್ ತಂದು ಚುಚ್ಚೋರೇ, ಬ್ಯಾಕ್ಟೀರಿಯಾ ಸಾಯಬಹುದು, ಕೊರೆದ ತೂತು ಮುಚ್ಚಲ್ಲ. ನಿಂಬೆಹಣ್ಣು ನಿವಾಳಿಸಿದರೂ ಹೆಚ್ಚುಕಮ್ಮಿ ಅಷ್ಟೇ ಫಲ, ಖರ್ಚಾದರೂ ಕಮ್ಮಿ.

ಉಪಾಯ ಇಟಿ ಲಸಿಕೆ. ಹಲ್ಲು ಕಿತ್ತ ಹಾವಿನ ಹಾಗೆ ಸಾಧು ಮಾಡಿದ ಅದೇ ವಿಷ ಅದರೊಳಗಿರುತ್ತೆ. ಒಮ್ಮೆ ಪರಿಚಯವಾದರೆ, ಆಮೇಲೆ ನಿಜವಾದ ವಿಷ ನಾಳದ ಗೋಡೆ ಮುಟ್ಟೋ ಮೊದಲೇ ರಕ್ತದ ಪ್ರತಿಕಾಯಗಳು ಅದನ್ನ ಹಿಡಿದುಹಾಕುತ್ತವೆ. ಇದೇನು ಫಾರಿನ್ ಮಾಲಲ್ಲ. 1925ರಲ್ಲಿ ಶುರುವಾದ, ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಉತ್ಪನ್ನಗಳ ಸಂಸ್ಥೆಯಲ್ಲೇ ತಯಾರಾಗುತ್ತೆ. ಬಸ್ಸು ಹತ್ತಿ ಯಲಹಂಕ ದಾಟಿದರೆ ಹೆಬ್ಬಾಳ!

(4/4)
"ಲಸಿಕೆ ಹಾಕಿಸಿದರೆ ಗಬ್ಬ ಹೋಗುತ್ತೆ" ಅಂತೀರಿ. ಕಾಲು ಹಿಡಿದು ದರದರ ಎಳೆದು ಕೆಡವಿದರೆ ಹೋಗಬಹುದು, ಲಸಿಕೆಯಿಂದಲ್ಲ. ಈಯೋಕೆ ನಾಲ್ಕಾರು ವಾರ ಮುಂಚೆ ತಾಯಿಗೆ ಹಾಕಿಸಿದರೆ ಗಿಣ್ಣುಹಾಲಿನಲ್ಲೇ ಮರಿಗೆ ರಕ್ಷಣೆ ಸಿಗುತ್ತೆ. ಮೊದಲ ಸಲ ಹಾಕಿಸೋ ಕುರಿಗೆ ಎರಡು ಮೂರು ವಾರ ಬಿಟ್ಟು ಇನ್ನೊಂದು ಡೋಸ್ ಬೇಕು. ಆಮೇಲೆ ವರ್ಷಕ್ಕೊಮ್ಮೆ, ಮಳೆಗೆ ಮುಂಚೆ.

ಇನ್ನೊಂದು ಮಾತು. ಇದ್ದಕ್ಕಿದ್ದಂತೆ ಸತ್ತ ಕುರಿಯ ಮೂಗಲ್ಲೋ ಗುದದಲ್ಲೋ ಹೆಪ್ಪುಗಟ್ಟದ ರಕ್ತ ಕಂಡರೆ ಅದು ಅಂಥ್ರಾಕ್ಸ್ ಇರಬಹುದು. ಅದರ ವಿಷವೂ ರಕ್ತನಾಳವನ್ನೇ ಹಾಳುಮಾಡೋದು, ಮನುಷ್ಯರನ್ನೂ ಬಿಡಲ್ಲ. "ಹೆಂಗೂ ಸತ್ತೋಯ್ತು" ಅಂತ ಕುಯ್ದು ಪಾಲು ಹಂಚಬೇಡಿ. ಮುಟ್ಟದೆ ಪಶು ವೈದ್ಯರನ್ನ ಕರೀರಿ.

ಏಪ್ರಿಲ್‌ನಲ್ಲೇ ಪಶು ಆಸ್ಪತ್ರೆಗೆ ಹೋಗಿ, ನಿಮ್ಮೂರಿಗೆ ಇಟಿ ಲಸಿಕೆ ಯಾವತ್ತು ಬರುತ್ತೆ ಅಂತ ಕೇಳಿ. ತಾರೀಕು ಹೇಳೋವರೆಗೂ ಎದ್ದು ಬರಬೇಡಿ.

#ದೊಡ್ಡಬಳ್ಳಾಪುರ #ಕುರಿಸಾಕಣೆ #ಕರುಳುಬೇನೆ